ರಾಜಕುಮಾರಿಯಾಗದ ಮಗಳು

ಮಗಳಿಗೆ ಈಗ ಹತ್ತು ವರ್ಷ. ಹದಿನೆಂಟು ತುಂಬುವವರೆಗೆ ಅವಳು ನಿಮ್ಮ ಮನೆಯಲ್ಲಿರುತ್ತಾಳೆ. ಅಂದರೆ 96 ತಿಂಗಳು. ಪ್ರತಿ ತಿಂಗಳನ್ನೂ ಹತ್ತತ್ತು ದಿನಗಳ ಮೂರು ಪಾಲು ಮಾಡಿ, ಯಾವ ಪಾಲಿನಲ್ಲಿ ಅವಳು ಪಾಠಕ್ಕೆ ಹೋಗಬೇಕು, ಯಾವುದರಲ್ಲಿ ದುಡಿಯಬೇಕು, ಯಾವುದರಲ್ಲಿ ಹಾಯಾಗಿರಬೇಕು ಎಂದು ತಿಂಗಳು ಹುಟ್ಟುವಾಗಲೇ ನೀವು ಗೊತ್ತುಮಾಡಬೇಕು. ಒಟ್ಟು 288 ಚೌಕಗಳ ಪಟ್ಟಿ. ಅದನ್ನು ಹೇಗೆ ತುಂಬಿದಿರಿ ಎಂಬುದರ ಮೇಲೆ ಅವಳು ದೊಡ್ಡವಳಾಗಿ ಏನಾಗುತ್ತಾಳೆ ಎಂಬುದು ನಿಂತಿದೆ. ಜಪಾನಿನ ಗೈನಾಕ್ಸ್ ಸಂಸ್ಥೆ 1993ರಲ್ಲಿ ಹೊರತಂದ ‘ಪ್ರಿನ್ಸೆಸ್ ಮೇಕರ್ 2’ ಎಂಬ ಕಂಪ್ಯೂಟರ್ ಆಟದ ಹಂದರ ಇಷ್ಟೇ. ಇದರ ಮೊದಲ ಭಾಗ 1991ರಲ್ಲಿ ಬಂದಿತ್ತು. ಎರಡರ ಹಿಂದೆಯೂ ಇದ್ದವರು ಚಿತ್ರಕಾರ ತಕಾಮಿ ಅಕಾಯಿ. ಗೈನಾಕ್ಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1995ರ ‘ಇವ್ಯಾಂಜೆಲಿಯನ್’ ಅನಿಮೇಷನ್ ಸರಣಿ. ಆ ಸಂಸ್ಥೆ 2024ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದು ಜನಪ್ರಿಯಗೊಳಿಸಿದ ಆಟದ ಬಗೆ ಮಾತ್ರ ಉಳಿದು, ಚೀನಾ, ಕೆನಡಾ, ನಾರ್ವೆಗಳವರೆಗೂ ಹಬ್ಬಿದೆ. ಜಪಾನೀಯರು ಇದನ್ನು ‘ಇಕುಸೇ’ ಆಟ ಎನ್ನುತ್ತಾರೆ. ಇಕುಸೇ ಎಂದರೆ ಸಾಕಿ ಬೆಳೆಸುವುದು.

ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಷ್ಟೇ ಗೊತ್ತಿರುವವರಿಗೆ ಇದು ವಿಚಿತ್ರವೆನ್ನಿಸಬಹುದು. ಇಲ್ಲಿ ಹೆಚ್ಚಿನ ಹೊತ್ತು ನಡೆಯುವುದು ಒಂದೇ ಕೆಲಸ: ವೇಳಾಪಟ್ಟಿ ಬರೆಯುವುದು, ಅಂಕಿಗಳು ಏರಿಳಿಯುವುದನ್ನು ನೋಡುವುದು. ಶಕ್ತಿ, ಮೈಕಸುವು, ಬುದ್ಧಿ, ನಯನಾಜೂಕು, ಆಕರ್ಷಣೆ, ನೀತಿ, ಶ್ರದ್ಧೆ, ಪಾಪ, ಸಂವೇದನೆ, ಒತ್ತಡ ಎಲ್ಲಕ್ಕೂ ಒಂದೊಂದು ಸಂಖ್ಯೆ. ಹೀಗಾಗಿ ಈ ಬಗೆಯ ಆಟಗಳ ಮೇಲಿನ ಮೊದಲ ದೂರು ಎಲ್ಲರಿಗೂ ತಟ್ಟನೆ ಹೊಳೆಯುವಂಥದ್ದೇ. ಮಗುವನ್ನು ಜಮಾಖರ್ಚಿನ ಪುಸ್ತಕ ಮಾಡಿಬಿಟ್ಟರಲ್ಲ ಎನ್ನುವುದು. ಆ ದೂರಿನಲ್ಲಿ ಹುರುಳಿದೆ. ಆದರೂ ಅದು ಆಟದ ಅರ್ಧವನ್ನಷ್ಟೇ ನೋಡಿ ಹೇಳಿದ ಮಾತು ಎಂದು ನನ್ನ ಅನಿಸಿಕೆ. ಆ ಪಟ್ಟಿಯಲ್ಲಿರುವ ಸಂಖ್ಯೆಗಳು ಮಗಳನ್ನು ಅಳೆಯುವಂತೆ ಕಂಡರೂ ನಿಜಕ್ಕೂ ಅಳತೆಗೆ ಸಿಗುವವರು ಸಾಕುವವರು. ಯಾವುದನ್ನು ಎಣಿಸಬೇಕು, ಯಾವುದನ್ನು ಎಣಿಸದೆ ಬಿಡಬಹುದು, ಎಷ್ಟಾದರೆ ಸಾಕು ಎನ್ನಬೇಕು ಎಂಬುದೆಲ್ಲ ಹೆತ್ತವರ, ಅವರ ಬೆನ್ನಿಗಿರುವ ಸಮಾಜದ ತೀರ್ಮಾನ. ಒಳ್ಳೆಯ ಇಕುಸೇ ಆಟವೊಂದು ಆ ತೀರ್ಮಾನವನ್ನು ನಮ್ಮ ಕೈಯಿಂದಲೇ ಬರೆಸಿ, ಕೊನೆಗೆ ಅದನ್ನೇ ನಮ್ಮೆದುರು ಹಿಡಿಯುತ್ತದೆ.

ಇದಕ್ಕೆ ಮೊದಲ ಸಾಕ್ಷಿ ಆಟದ ಹೆಸರಿನಲ್ಲೇ ಇದೆ. ‘ರಾಜಕುಮಾರಿಯನ್ನು ಮಾಡುವವ’ ಎಂದು ಹೆಸರಿಟ್ಟಮೇಲೆ ಗುರಿ ಯಾವುದೆಂದು ಕೇಳಬೇಕಾಗಿಲ್ಲ. ಆದರೆ ಎರಡನೆಯ ಭಾಗದಲ್ಲಿ ಮಗಳ ಬದುಕಿಗೆ ಎಪ್ಪತ್ತಕ್ಕೂ ಹೆಚ್ಚು ಅಂತ್ಯಗಳಿವೆ. ಅವಳು ರಾಜ್ಯವಾಳುವ ರಾಣಿಯಾಗಬಹುದು, ರಾಜಕುಮಾರನ ಹೆಂಡತಿಯಾಗಬಹುದು. ದಂಡನಾಯಕಿ, ನ್ಯಾಯಾಧೀಶೆ, ವಿದ್ವಾಂಸೆ, ನರ್ತಕಿಯಾಗಬಹುದು. ಹೊಲದಲ್ಲಿ ದುಡಿಯುವವಳು, ಮರ ಕಡಿಯುವವಳು, ಬೇಟೆಗಾರ್ತಿಯೂ ಆಗಬಹುದು. ಅಡ್ಡದಾರಿ ಹಿಡಿದವಳ ಕಥೆಗಳೂ ಉಂಟು. ಮರ ಕಡಿಯುವವಳಾದ ಮಗಳ ಮುಂದೆ ‘ಸೋತಿರಿ’ ಎಂಬ ಫಲಕವೇನೂ ಬರುವುದಿಲ್ಲ. ಮುಂದೆ ಅವಳ ಕೆಲಸ ಹೇಗೆ ನಡೆಯಿತು, ಯಾರನ್ನು ಕೈಹಿಡಿದಳು ಎಂದು ರಾಣಿಯಾದವಳ ಕಥೆ ಹೇಳಿದಂತೆಯೇ ಆಟ ಅವಳ ಕಥೆಯನ್ನೂ ಹೇಳಿ ಮುಗಿಸುತ್ತದೆ. ಹಾಗಿದ್ದೂ ಆಟಗಾರನ ಮನಸ್ಸು ಮುದುಡಿಕೊಳ್ಳುತ್ತದೆ. ಆ ಸಂಕಟ ಎಲ್ಲಿಂದ ಬಂತು? ಮಗಳಿಗೆ ಅದಿಲ್ಲ, ಆಟದ ನಿಯಮದಲ್ಲೂ ಅದಿಲ್ಲ. ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿದ ದಿನ ಆಟಗಾರ ತಾನಾಗಿ ಒಪ್ಪಿಕೊಂಡ ಆಸೆಯಿಂದ ಬಂತು.

ಬದುಕನ್ನು ಆಟದ ಹಾಸಿನ ಮೇಲೆ ಹರಡುವ ಚಟ ಮನುಷ್ಯನಿಗೆ ಹಳೆಯದು. ನಮ್ಮ ಪರಮಪದ ಸೋಪಾನದ ಪಟವನ್ನೇ ತೆಗೆದುಕೊಳ್ಳಿ. ದಯೆ, ದಾನ, ಭಕ್ತಿಯ ಮನೆಗಳಿಂದ ಏಣಿ ಮೇಲಕ್ಕೇರುತ್ತದೆ, ಕೋಪ, ಲೋಭ, ಸುಳ್ಳಿನ ಮನೆಗಳಲ್ಲಿ ಹಾವು ಬಾಯಿ ತೆರೆದಿರುತ್ತದೆ, ತುತ್ತತುದಿಯಲ್ಲಿ ವೈಕುಂಠ. ವೈಕುಂಠ ಏಕಾದಶಿಯ ಜಾಗರಣೆಗೆ ಹೊಂದಿಕೊಂಡ ಈ ಆಟ ಇಂಗ್ಲೆಂಡಿಗೆ ಹೋಗಿ, ಕ್ರಮೇಣ ನೀತಿಯ ಹೆಸರುಗಳನ್ನೆಲ್ಲ ಕಳೆದುಕೊಂಡು ಬರೀ ಹಾವು ಏಣಿಯಾಯಿತು. ಅತ್ತ ಅಮೆರಿಕದಲ್ಲಿ ಮಿಲ್ಟನ್ ಬ್ರಾಡ್ಲಿ 1860ರಲ್ಲಿ ‘ಚೆಕರ್ಡ್ ಗೇಮ್ ಆಫ್ ಲೈಫ್’ ಎಂಬ ಹಾಸನ್ನು ಮಾರಿದ. ಅದು ಶೈಶವದ ಮನೆಯಿಂದ ಹೊರಟು ಸುಖದ ಮುಪ್ಪಿನ ಮನೆ ಸೇರುವ ಆಟ. ದಾಳ ಎಂದರೆ ಜೂಜಿನ ವಾಸನೆ ಎಂದು ಅವನು ತಿರುಗುವ ಬುಗುರಿ ಬಳಸಿದ್ದ. 1986ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಫವಾರೊ ರೂಪಿಸಿದ ‘ಆಲ್ಟರ್ ಈಗೊ’ ಇದೇ ವಂಶದ ಕಂಪ್ಯೂಟರ್ ಕುಡಿ. ಹುಟ್ಟಿನಿಂದ ಸಾವಿನವರೆಗೆ ಒಂದೊಂದೇ ಸಂದರ್ಭ ಕೊಟ್ಟು ‘ಏನು ಮಾಡುತ್ತೀರಿ’ ಎಂದು ಕೇಳುವ ಅದು ಗಂಡಸಿಗೊಂದು, ಹೆಂಗಸಿಗೊಂದು ಆವೃತ್ತಿಯಲ್ಲಿ ಬಂದಿತ್ತು. ಈ ಮೂರರಲ್ಲೂ ಏರುವವರೂ ನೀವೇ, ಜಾರುವವರೂ ನೀವೇ. ಇಕುಸೇ ಆಟ ತಂದ ಬದಲಾವಣೆ ಇಲ್ಲಿದೆ. ಹಾಸಿನ ಮೇಲೆ ನಡೆಯುವ ಕಾಯಿ ಈಗ ಬೇರೆಯವರ ಬದುಕು, ದಾಳ ನಿಮ್ಮ ಕೈಯಲ್ಲಿ. ಪರಮಪದದಲ್ಲಿ ಹಾವು ಕಚ್ಚಿದರೆ ಕರ್ಮ ಎನ್ನಬಹುದಿತ್ತು. ಇಲ್ಲಿ ಕಚ್ಚಿಸಿಕೊಳ್ಳುವವಳು ಮಗಳು, ಅವಳನ್ನು ಆ ಮನೆಗೆ ನಡೆಸಿದವರು ನೀವು. 1996ರ ನವೆಂಬರಿನಲ್ಲಿ ಬಂಡಾಯ್ ಸಂಸ್ಥೆ ಬಿಟ್ಟ ತಮಗೊಚ್ಚಿ ಎಂಬ ಮೊಟ್ಟೆಯಾಕಾರದ ಆಟಿಕೆ ಜಗತ್ತಿನ ಮಕ್ಕಳ ಜೇಬಿಗೆಲ್ಲ ಇಳಿಸಿದ್ದು ಈ ಹೊಣೆಯನ್ನೇ. ಮರೆತರೆ ಮರಿ ಸಾಯುತ್ತಿತ್ತು.

ಪ್ರಿನ್ಸೆಸ್ ಮೇಕರಿನ ಒಳಗಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡುವಂಥದ್ದು. ಅಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ. ಮರ ಕಡಿಯುವ ಕೆಲಸಕ್ಕೆ ಕಳಿಸಿದರೆ ಕೈಗೆ ಬಲ ಬರುತ್ತದೆ, ನಡೆನುಡಿಯ ನಾಜೂಕು ಇಳಿಯುತ್ತದೆ. ವಿಜ್ಞಾನದ ಪಾಠಕ್ಕೆ ಕಳಿಸಿದರೆ ಬುದ್ಧಿ ಏರುತ್ತದೆ, ಶ್ರದ್ಧೆ ಕುಗ್ಗುತ್ತದೆ. ಪಾಠಕ್ಕೆ ಶುಲ್ಕ ಬೇಕು. ಶುಲ್ಕ ಹೊಂದಿಸಲು ಅವಳೇ ದುಡಿಯಬೇಕು. ಹೆಚ್ಚು ಸಂಬಳ ತರುವ ಕೆಲವು ಕೆಲಸಗಳಿಗೆ ಕಳಿಸಿದರೆ ಪಾಪದ ಅಂಕವೂ ಸದ್ದಿಲ್ಲದೆ ಏರುತ್ತದೆ. ಹೀಗೆ ಯಾವ ತಿಂಗಳಲ್ಲೂ ಆಟಗಾರ ‘ಮಗಳಿಗೆ ಏನನ್ನು ಕೊಡಲಿ’ ಎಂದಷ್ಟೇ ಕೇಳಿಕೊಳ್ಳುವಂತಿಲ್ಲ. ‘ಏನನ್ನು ಕಸಿಯಲಿ’ ಎಂಬುದಕ್ಕೂ ಅವನೇ ಉತ್ತರಿಸಬೇಕು. ಇದರ ಮೇಲೆ ಒತ್ತಡವೆಂಬ ಅಂಕಿ. ಪಾಠವಾಗಲಿ ದುಡಿಮೆಯಾಗಲಿ ಬಿಡುವಿಲ್ಲದೆ ಹೇರುತ್ತ ಹೋದರೆ ಒತ್ತಡ ಏರಿ ಮೈಕಸುವನ್ನು ಮೀರುತ್ತದೆ, ಹುಡುಗಿ ಹಾಸಿಗೆ ಹಿಡಿಯುತ್ತಾಳೆ. ಅಷ್ಟಕ್ಕೂ ಆಟಗಾರ ಬಗ್ಗದಿದ್ದರೆ ಅವಳು ಹೇಳಿದ ಮಾತು ಕೇಳದೆ ಅಡ್ಡಾಡತೊಡಗುತ್ತಾಳೆ. ಆಗ ಒಂದೋ ಗದರಬೇಕು, ಇಲ್ಲವೇ ಕೂರಿಸಿಕೊಂಡು ಮಾತಾಡಬೇಕು, ಕೈಖರ್ಚಿಗೆ ಕಾಸು ಕೊಡಬೇಕು, ಸಮುದ್ರಕ್ಕೋ ಬೆಟ್ಟಕ್ಕೋ ಕರೆದೊಯ್ಯಬೇಕು. ಏನನ್ನೂ ‘ಕಲಿಸದ’ ಆ ಹತ್ತು ದಿನಗಳು ಪಟ್ಟಿಯಲ್ಲಿ ನಷ್ಟದಂತೆ ಕಾಣುತ್ತವೆ, ಅವಿಲ್ಲದೆ ಉಳಿದ ಪಟ್ಟಿ ನಿಲ್ಲುವುದೂ ಇಲ್ಲ. ವರ್ಷಕ್ಕೊಮ್ಮೆ ಬರುವ ಸುಗ್ಗಿ ಹಬ್ಬದಲ್ಲಿ ಕಾಳಗ, ನೃತ್ಯ, ಚಿತ್ರ, ಅಡುಗೆಯ ಪಂದ್ಯಗಳಿರುತ್ತವೆ. ಊರ ಮುಂದೆ ಮಗಳು ಗೆಲ್ಲುವುದನ್ನು ನೋಡುವ ಆಸೆಯಲ್ಲಿ ಅದಕ್ಕೆ ಮುಂಚಿನ ತಿಂಗಳುಗಳ ಬಿಡುವನ್ನೆಲ್ಲ ನುಂಗಿಹಾಕುವ ಆಟಗಾರನಿಗೆ ತಾನು ಏನಾಗುತ್ತಿದ್ದೇನೆ ಎಂಬುದು ತಿಳಿಯದೆ ಹೋಗುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಎಷ್ಟೇ ನವಿರಾಗಿ ಹೆಣೆದರೂ ಇದು ಕೊನೆಗೆ ‘ಇಂತಿಷ್ಟು ಹಾಕಿದರೆ ಇಂಥದ್ದು ಬರುತ್ತದೆ’ ಎನ್ನುವ ಯಂತ್ರವೇ ಅಲ್ಲವೇ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1920ರ ದಶಕದಲ್ಲಿ ಇಂಥದ್ದೇ ಒಂದು ಜಂಬ ಕೊಚ್ಚಿಕೊಂಡಿದ್ದ. ಆರೋಗ್ಯವಂತ ಹನ್ನೆರಡು ಶಿಶುಗಳನ್ನೂ ತಾನು ಹೇಳಿದಂಥ ವಾತಾವರಣವನ್ನೂ ಕೊಟ್ಟರೆ, ಯಾವ ಮಗುವನ್ನು ಬೇಕಾದರೂ ವೈದ್ಯನನ್ನಾಗಿಯೋ ವಕೀಲನನ್ನಾಗಿಯೋ ಕಳ್ಳನನ್ನಾಗಿಯೋ ಮಾಡಿ ತೋರಿಸುತ್ತೇನೆ ಎಂದು. ಈ ಮಾತು ಎಲ್ಲ ಕಡೆ ಉದ್ಧರಣೆಯಾಗುತ್ತದೆ. ಅದರ ಬೆನ್ನಿಗೇ, ಇದು ತನ್ನ ಕೈಲಿರುವ ಪುರಾವೆಯನ್ನು ಮೀರಿದ ಮಾತು ಎಂದು ಅವನೇ ಒಪ್ಪಿಕೊಂಡಿದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಇಕುಸೇ ಆಟ ವಾಟ್ಸನ್ನನ ಕನಸಿಗೆ ಕಟ್ಟಿಸಿಕೊಟ್ಟ ಮನೆ ಎನ್ನುವವರಿಗೆ ನನ್ನ ಉತ್ತರ ಎರಡು ಭಾಗದಲ್ಲಿದೆ. ಒಂದು, ಪ್ರಿನ್ಸೆಸ್ ಮೇಕರ್ 2 ಕೂಡ ಮಗಳನ್ನು ಹಸಿ ಮಣ್ಣೆಂದು ಭಾವಿಸುವುದಿಲ್ಲ. ಅವಳ ಜನ್ಮದಿನಕ್ಕೆ ತಕ್ಕಂತೆ ಒಬ್ಬ ಕಾವಲು ದೇವತೆ, ಆ ದೇವತೆಗೆ ತಕ್ಕಂತೆ ಆರಂಭದ ಗುಣಗಳು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನೂ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನೂ ಒಟ್ಟಿಗೇ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಬೆರಕೆ ಹೊಸತಲ್ಲ. ಎರಡನೆಯದು ಹೆಚ್ಚು ಮುಖ್ಯ. ಯಂತ್ರದಂತೆ ಕಾಣುವುದರಿಂದಲೇ ಈ ಆಟ ಯಾಂತ್ರಿಕತೆಯ ಸುಖವನ್ನೂ ಅದರ ಬೇಸರವನ್ನೂ ಬೆತ್ತಲೆಯಾಗಿ ತೋರಿಸಬಲ್ಲದು. ಮನಶ್ಶಾಸ್ತ್ರಜ್ಞೆ ಆಲಿಸನ್ ಗಾಪ್ನಿಕ್ 2016ರ ತಮ್ಮ ಪುಸ್ತಕದಲ್ಲಿ ಮಕ್ಕಳನ್ನು ಬೆಳೆಸುವವರನ್ನು ಬಡಗಿ, ತೋಟಗಾರ ಎಂದು ಎರಡು ಬಗೆಯಾಗಿ ನೋಡಿದರು. ಬಡಗಿಗೆ ಕುರ್ಚಿಯ ನಕ್ಷೆ ಮೊದಲೇ ಗೊತ್ತು. ತೋಟಗಾರ ಮಣ್ಣು ನೀರು ನೋಡಿಕೊಂಡು ಏನು ಬರುತ್ತದೋ ಕಾಯುತ್ತಾನೆ. ಪ್ರಿನ್ಸೆಸ್ ಮೇಕರ್ ಆಟಗಾರನ ಕೈಗೆ ಉಳಿ ಕೊಡುತ್ತದೆ, ಎದುರಿಗೆ ಗಿಡ ನಿಲ್ಲಿಸುತ್ತದೆ. ಮೊದಲ ಸಲ ಆಡುವವನ 288 ಚೌಕಗಳಲ್ಲಿ ಅವನಂದುಕೊಂಡ ಕುರ್ಚಿ ಸಾಮಾನ್ಯವಾಗಿ ತಯಾರಾಗುವುದಿಲ್ಲ.

ಸಮಾಜದ ಮಾತಿಗೆ ಬರೋಣ. ಜಪಾನಿನಲ್ಲಿ 1989ರ ಜನನ ಪ್ರಮಾಣ ಒಬ್ಬ ಹೆಣ್ಣಿಗೆ ಸರಾಸರಿ 1.57 ಮಕ್ಕಳಿಗೆ ಇಳಿದಿದೆ ಎಂಬ ಸುದ್ದಿ 1990ರಲ್ಲಿ ಹೊರಬಿದ್ದು, ‘1.57ರ ಆಘಾತ’ ಎಂದೇ ಹೆಸರಾಯಿತು. ಮಕ್ಕಳು ವಿರಳವಾಗುತ್ತಿದ್ದ, ಇದ್ದ ಒಂದೆರಡರ ಮೇಲೆ ಟ್ಯೂಷನ್ನು, ಪ್ರವೇಶ ಪರೀಕ್ಷೆಗಳ ಭಾರ ಬೀಳುತ್ತಿದ್ದ ದೇಶದಲ್ಲಿ ಮರುವರ್ಷವೇ ಮಗಳನ್ನು ವೇಳಾಪಟ್ಟಿಯಿಂದ ಬೆಳೆಸುವ ಆಟ ಬಂತು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಆಟದ ಪರಿಭಾಷೆ, ಅಂದರೆ ಬಾಲ್ಯವನ್ನು ಹತ್ತು ದಿನಗಳ ತುಂಡುಗಳಾಗಿ ಕತ್ತರಿಸಿ ಒಂದೊಂದಕ್ಕೂ ಫಲ ಕೇಳುವುದು, ಅಲ್ಲಿನ ಆಟಗಾರರಿಗೆ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ. ನಾಲ್ಕಾರು ಜನ ಕೂತು ಮಾಡಿದ ಆಟವನ್ನು ಇಡೀ ಸಮಾಜದ ಕನ್ನಡಿ ಎನ್ನುವುದು ಅತಿಯಾಯಿತು ಎನ್ನಬಹುದು. ಕಾದಂಬರಿಯ ಬಗ್ಗೆ ಆ ಮಾತು ಸಲ್ಲುತ್ತದೆ. ಕಾದಂಬರಿಕಾರ ಯಾರೂ ಒಪ್ಪದ ಮೌಲ್ಯವನ್ನೂ ಪ್ರತಿಪಾದಿಸಬಹುದು. ಅಂಕಿಗಳ ಆಟಕ್ಕೆ ಆ ಸ್ವಾತಂತ್ರ್ಯ ಕಡಿಮೆ. ಬುದ್ಧಿ ಏರಿದರೆ ಆಟಗಾರ ಹಿಗ್ಗಬೇಕು, ಪಾಪ ಏರಿದರೆ ಬೆಚ್ಚಬೇಕು. ಆ ಹಿಗ್ಗು, ಬೆಚ್ಚು ಅವನಲ್ಲಿ ಮೊದಲೇ ಇರದಿದ್ದರೆ ಆಟ ನಡೆಯುವುದೇ ಇಲ್ಲ. ಆದ್ದರಿಂದ ಇಂಥ ಆಟ ಮಾಡುವವರು ಊರಲ್ಲಿ ಆಗಲೇ ಚಲಾವಣೆಯಲ್ಲಿರುವ ನಾಣ್ಯವನ್ನೇ ಎಣಿಸಬೇಕಾಗುತ್ತದೆ.

ಇದು ಅತ್ಯಂತ ನಿಚ್ಚಳವಾಗಿ ಕಾಣುವುದು 2018ರ ಚೀನೀ ಆಟ ‘ಚೈನೀಸ್ ಪೇರೆಂಟ್ಸ್’ನಲ್ಲಿ. ಮಗು ಹುಟ್ಟಿದಾಗ ಶುರುವಾಗುವ ಆಟ ಗಾವ್‌ಕಾವ್, ಅಂದರೆ ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆಗೆ ಬಂದು ಮುಟ್ಟುತ್ತದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿ 1977ರಲ್ಲಿ ಮತ್ತೆ ಶುರುವಾದ ಈ ಪರೀಕ್ಷೆಗೆ 2024ರಲ್ಲಿ ಹೆಸರು ನೋಂದಾಯಿಸಿದವರು 1 ಕೋಟಿ 34 ಲಕ್ಷ. ಹೆಸರು ‘ಚೀನೀ ತಂದೆತಾಯಿ’ ಎಂದಿದ್ದರೂ ಆಟಗಾರ ಹೆಚ್ಚಿನ ಹೊತ್ತು ಇರುವುದು ಮಗುವಿನ ಪಕ್ಕದಲ್ಲಿ. ಬುದ್ಧಿಮತ್ತೆ, ನೆನಪು, ಕಲ್ಪನೆ, ದೇಹಬಲಗಳ ಜತೆಗೆ ಇಲ್ಲಿ ಇನ್ನೊಂದು ಅಂಕಿ ಇದೆ: ಹೆತ್ತವರಿಗಾದ ತೃಪ್ತಿ. ಪ್ರಿನ್ಸೆಸ್ ಮೇಕರಿನಲ್ಲಿ ಆಟಗಾರನ ಎದೆಯಲ್ಲೇ ಅಡಗಿದ್ದ ನಿರೀಕ್ಷೆಯನ್ನು ಈ ಆಟ ಹೊರಗೆಳೆದು ಪರದೆಯ ಮೇಲೆ ಬರೆದುಬಿಟ್ಟಿದೆ. ಬಂಧುಗಳು ಸೇರಿದಾಗ ‘ಮುಖದ ಕಾಳಗ’ ನಡೆಯುತ್ತದೆ. ಚೀನಾದಲ್ಲಿ ‘ಮುಖ’ ಎಂದರೆ ನಾಲ್ಕು ಜನರೆದುರಿನ ಮರ್ಯಾದೆ. ಇಬ್ಬರು ತಾಯಂದಿರು ಎದುರುಬದುರು ನಿಂತು, ತಂತಮ್ಮ ಮಕ್ಕಳ ಸಾಧನೆಗಳನ್ನೇ ಅಸ್ತ್ರಗಳಂತೆ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ‘ನಿಮ್ಮ ಮಗನಿಗೆ ಸಿಇಟಿಯಲ್ಲಿ ಎಷ್ಟನೇ ರ‍್ಯಾಂಕು?’ ಎಂಬ ಪ್ರಶ್ನೆ ಪಾಯಸಕ್ಕಿಂತ ಮೊದಲೇ ಬಡಿಸಿಕೊಳ್ಳುವ ನಮ್ಮ ಕಡೆಯವರಿಗೆ ಇದಕ್ಕೆ ಅನುವಾದ ಬೇಕಿಲ್ಲ. ಆ ಕಾಳಗ ನಗು ತರಿಸುತ್ತದೆ, ನಗುತ್ತಿರುವಾಗಲೇ ಮಗುವಿನ ಒತ್ತಡದ ಅಂಕಿ ಕಣ್ಣಿಗೆ ಬೀಳುತ್ತದೆ.

ಆಟ ಅಲ್ಲಿಗೆ ಮುಗಿಯುವುದಿಲ್ಲ ಎಂಬುದು ಇನ್ನೂ ತೀಕ್ಷ್ಣವಾದ ಸಂಗತಿ. ಪರೀಕ್ಷೆ ಬರೆದ ಮಗು ದೊಡ್ಡದಾಗಿ, ಕೆಲಸ ಹಿಡಿದು, ಮದುವೆಯಾಗಿ, ತಾನೇ ತಂದೆಯೋ ತಾಯಿಯೋ ಆಗುತ್ತದೆ. ಆಗ ಮುಂದಿನ ತಲೆಮಾರಿನ ಮಗುವಿನಿಂದ ಆಟ ಮತ್ತೆ ಶುರು. ಹಿಂದಿನ ತಲೆಮಾರು ಗಳಿಸಿದ್ದರ ಒಂದಂಶ ಹೊಸ ಮಗುವಿಗೆ ಪಿತ್ರಾರ್ಜಿತವಾಗಿ ಬರುತ್ತದೆ. ಹಾಗಾಗಿ ಒಬ್ಬ ಮಗನಿಂದ ಆಗದ್ದನ್ನು ಮೊಮ್ಮಗಳಿಂದ ಆಗಿಸುವ ಆಸೆ ಆಟಗಾರನಲ್ಲಿ ತಾನಾಗಿಯೇ ಹುಟ್ಟುತ್ತದೆ. ಕಳೆದ ಸುತ್ತಿನಲ್ಲಿ ಹೆತ್ತವರ ತೃಪ್ತಿಯ ಅಂಕಿಗೆ ಶಾಪ ಹಾಕುತ್ತಿದ್ದವನು ಈ ಸುತ್ತಿನಲ್ಲಿ ಅದೇ ಹೆತ್ತವನ ಲೆಕ್ಕಾಚಾರ ಹಾಕತೊಡಗುತ್ತಾನೆ. ಮಕ್ಕಳ ಮೇಲಿನ ಒತ್ತಡವನ್ನು ಹೆತ್ತವರ ಕ್ರೌರ್ಯವೆಂದು ವಿವರಿಸುವ ಭಾಷಣಗಳು ಬೇಕಾದಷ್ಟಿವೆ. ಒಳ್ಳೆಯ ಮನಸ್ಸಿನವರೂ, ಸ್ವತಃ ಅದೇ ಒತ್ತಡದಲ್ಲಿ ನಲುಗಿದವರೂ ಅದನ್ನೇ ಮುಂದಿನವರಿಗೆ ದಾಟಿಸುವುದು ಹೇಗೆ ಎಂಬುದನ್ನು ಈ ಆಟ ಭಾಷಣವಿಲ್ಲದೆ ಆಟಗಾರನ ಬೆರಳಿನಿಂದಲೇ ಮಾಡಿಸಿ ತೋರಿಸುತ್ತದೆ. ನನ್ನ ಮಟ್ಟಿಗೆ ಇದೇ ಈ ಪ್ರಕಾರದ ದೊಡ್ಡ ಸಾಧನೆ.

ಹಾಗಾದರೆ ಅಂಕಿಗೆ ಸಿಗದ ಬಾಲ್ಯದ ಗತಿ ಏನು? 2018ರಲ್ಲೇ ನಾರ್ವೆಯಿಂದ ಬಂದ ‘ಮೈ ಚೈಲ್ಡ್: ಲೆಬೆನ್ಸ್‌ಬೋರ್ನ್’ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ನಾರ್ವೆಯನ್ನು ಆಕ್ರಮಿಸಿದ್ದ ಜರ್ಮನ್ ಸೈನಿಕರಿಗೂ ನಾರ್ವೆಯ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಊರಿನ ಸಿಟ್ಟೆಲ್ಲ ಈ ತಾಯಂದಿರ ಮೇಲೆ, ಮಕ್ಕಳ ಮೇಲೆ ತಿರುಗಿತು. ಆಟದಲ್ಲಿ ನೀವು ಅಂಥ ಒಂದು ಮಗುವಿನ ಸಾಕುತಾಯಿ ಅಥವಾ ಸಾಕುತಂದೆ. ಮಗು ಹುಡುಗನಾದರೆ ಕ್ಲೌಸ್, ಹುಡುಗಿಯಾದರೆ ಕಾರಿನ್. ದುಡಿಯಬೇಕು, ಅಡುಗೆ ಮಾಡಬೇಕು, ಹರಿದ ಬಟ್ಟೆ ಹೊಲಿಯಬೇಕು, ಮಗುವಿಗೆ ಸ್ನಾನ ಮಾಡಿಸಬೇಕು, ಕಥೆ ಹೇಳಬೇಕು. ದಿನಕ್ಕೆ ಸಿಗುವುದು ಬೆರಳೆಣಿಕೆಯಷ್ಟು ಹೊತ್ತು. ಇಷ್ಟರವರೆಗೆ ಇದೂ ವೇಳಾಪಟ್ಟಿಯ ಆಟವೇ. ಆದರೆ ಬೆಳಿಗ್ಗೆ ಶಾಲೆಗೆ ಹೋದ ಮಗು ಸಂಜೆ ಬಾಡಿದ ಮುಖ ಹೊತ್ತು ಬರುತ್ತದೆ. ಅಲ್ಲಿ ಏನಾಯಿತು ಎಂಬುದು ನಿಮ್ಮ ಪಟ್ಟಿಯಲ್ಲಿಲ್ಲ. ಹೊಟ್ಟೆ ತುಂಬಿಸಬಹುದು, ಮೈ ತೊಳೆಯಬಹುದು. ಊರಿನ ದ್ವೇಷವನ್ನು ತೊಳೆಯುವ ಗುಂಡಿಯನ್ನು ಆಟ ಕೊಟ್ಟಿಲ್ಲ. ಪ್ರಿನ್ಸೆಸ್ ಮೇಕರಿನ ಲೋಕದಲ್ಲಿ ಎಲ್ಲವೂ ಸಾಕುವವನ ಕೈಯಲ್ಲಿದೆ ಎಂಬ ಭ್ರಮೆ ಇತ್ತು. ಇಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಮಗು ಅಳುತ್ತದೆ. 2019ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ, ಮನರಂಜನೆಯನ್ನು ಮೀರಿದ ಆಟಗಳ ವಿಭಾಗದ ಗೌರವ ಇದಕ್ಕೆ ಬಂತು. ಆಟ ಬಿಡುಗಡೆಯಾದ ವರ್ಷವೇ, ಅಕ್ಟೋಬರಿನಲ್ಲಿ, ನಾರ್ವೆಯ ಪ್ರಧಾನಿ ಎರ್ನಾ ಸೋಲ್‌ಬರ್ಗ್ ಆ ತಾಯಂದಿರನ್ನು ಸರ್ಕಾರ ನಡೆಸಿಕೊಂಡ ರೀತಿಗೆ ಅಧಿಕೃತವಾಗಿ ಕ್ಷಮೆ ಕೋರಿದರು. ಅವರಲ್ಲಿ ಬದುಕಿ ಉಳಿದವರು ಆಗ ತೀರ ಕಡಿಮೆ.

ಈ ಪ್ರಕಾರದ ಮೇಲೆ ತಳ್ಳಿಹಾಕಲಾಗದ ಒಂದು ಆರೋಪವಿದೆ, ಅದನ್ನು ಬಳಸಿಕೊಂಡು ಹೋಗುವುದು ಸರಿಯಲ್ಲ. ಪ್ರಿನ್ಸೆಸ್ ಮೇಕರಿನ ಮೊದಲ ಭಾಗಗಳಲ್ಲಿ ಸಾಕುವವನು ಗಂಡಸು, ಸಾಕಿಸಿಕೊಳ್ಳುವವಳು ಹುಡುಗಿ. ಗುಣಗಳ ಪಟ್ಟಿಯ ಪಕ್ಕದಲ್ಲೇ ಅವಳ ಎತ್ತರ, ತೂಕ, ಮೈಯ ಸುತ್ತಳತೆಗಳ ಪಟ್ಟಿಯೂ ಇದೆ. ಎರಡನೆಯ ಭಾಗದ ಎಪ್ಪತ್ತು ಚಿಲ್ಲರೆ ಅಂತ್ಯಗಳಲ್ಲಿ, ಸಾಕಿದ ತಂದೆಯನ್ನೇ ಮಗಳು ಮದುವೆಯಾಗುವ ಅಂತ್ಯವೂ ಒಂದು. ಕಾಲ ಹಾಗಿತ್ತು, ದೇಶ ಹಾಗಿತ್ತು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಾಗುವುದಿಲ್ಲ. ಸಾಕಿದವನ ಕಣ್ಣಿಗೆ ಇರಬಾರದ ನೋಟವೊಂದನ್ನು ಆಟ ಅವನಿಗೆ ಕೊಡುತ್ತದೆ. ಆದರೆ ಈ ದೋಷ ನನ್ನ ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ ಎಂದೇ ಹೇಳಬೇಕು. ಸುತ್ತಳತೆಯ ಪಟ್ಟಿ ಮಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಬರೆದಿಟ್ಟವರ ಬಗ್ಗೆ, ಅದನ್ನು ಕೇಳುವ ಗಿರಾಕಿಯ ಬಗ್ಗೆ ಎಲ್ಲವನ್ನೂ ಹೇಳುತ್ತದೆ. 2007ರ ಐದನೆಯ ಭಾಗದ ಹೊತ್ತಿಗೆ ಕಥೆ ಈ ಕಾಲದ ಜಪಾನಿಗೆ ಬಂದು, ಆಟಗಾರ ತಾಯಿಯಾಗಿಯೂ ಇರಬಹುದಾಯಿತು. 2012ರ ‘ಲಾಂಗ್ ಲಿವ್ ದ ಕ್ವೀನ್’ ಆಟವಂತೂ ಸಾಕುವವನನ್ನೇ ಕೈಬಿಟ್ಟಿತು. ತಾಯಿಯನ್ನು ಕಳೆದುಕೊಂಡ ಹದಿನಾಲ್ಕರ ರಾಜಕುಮಾರಿ ಎಲೊಡಿ ಪಟ್ಟಾಭಿಷೇಕದವರೆಗಿನ 40 ವಾರ ಜೀವ ಉಳಿಸಿಕೊಳ್ಳಬೇಕು. ಯಾವ ವಾರ ಏನು ಕಲಿಯಬೇಕು ಎಂಬುದೇ ಆಟ. ತಪ್ಪಿದರೆ ಅವಳು ಸಾಯುತ್ತಾಳೆ, ಒಂದೊಂದು ಸಲ ಒಂದೊಂದು ರೀತಿಯಲ್ಲಿ. ಮುದ್ದು ಚಿತ್ರಗಳನ್ನು ನೋಡಿ ಮೋಸಹೋದವರು ಬಹಳ.

ಉಳಿದದ್ದು ಎಲ್ಲಕ್ಕಿಂತ ಸರಳವಾದ ಆಕ್ಷೇಪ. ಆಟದಲ್ಲಿ ತಪ್ಪಿದರೆ ಹಿಂದಿನ ‘ಸೇವ್’ಗೆ ಹೋಗಿ ಮತ್ತೆ ಬೆಳೆಸಬಹುದು, ನಿಜವಾದ ಮಗುವಿಗೆ ಎರಡನೆಯ ಬಾಲ್ಯವಿಲ್ಲ. ಹೀಗಿರುವಾಗ ಈ ಆಟಗಳಿಂದ ಮಕ್ಕಳನ್ನು ಬೆಳೆಸುವುದರ ಬಗ್ಗೆ ಏನು ತಿಳಿದೀತು? ಬೆಳೆಸುವುದು ಹೇಗೆಂದು ತಿಳಿಯುವುದಿಲ್ಲ, ನಿಜ. ಅದನ್ನು ಕಲಿಯಲು ಯಾರೂ ಈ ಆಟಗಳ ಬಳಿ ಬರುವುದೂ ಇಲ್ಲ. ಇವನ್ನು ಆಡುವವರಲ್ಲಿ ಎಷ್ಟೋ ಜನಕ್ಕೆ ಮಕ್ಕಳಿಲ್ಲ, ತಾವೇ ಮೊನ್ನೆಯವರೆಗೆ ಮಕ್ಕಳಾಗಿದ್ದವರು. ಆದರೆ ಮತ್ತೆ ಮತ್ತೆ ಆಡಬಹುದು ಎಂಬುದನ್ನೇ ಕಥೆಯ ಹೂರಣ ಮಾಡಿಕೊಂಡ ಆಟವೊಂದಿದೆ: ಕೆನಡಾದ ನಾರ್ತ್‌ವೇ ಗೇಮ್ಸ್ 2022ರಲ್ಲಿ ತಂದ ‘ಐ ವಾಸ್ ಎ ಟೀನೇಜ್ ಎಕ್ಸೊಕಾಲನಿಸ್ಟ್’. ಭೂಮಿ ಬಿಟ್ಟು ವರ್ಟಮ್ನಾ ಎಂಬ ಗ್ರಹಕ್ಕೆ ನೆಲೆಸಲು ಹೋದವರ ನಡುವೆ ಹತ್ತರಿಂದ ಇಪ್ಪತ್ತರ ವಯಸ್ಸಿನವರೆಗೆ ನೀವೇ ಬೆಳೆಯುತ್ತೀರಿ. ಪ್ರಿನ್ಸೆಸ್ ಮೇಕರಿನ ಮಗಳಿಗೆ ಇಲ್ಲದ ಸಂಗತಿಯೊಂದು, ಅಂದರೆ ಓರಗೆಯ ಗೆಳೆಯರ ದಂಡು, ಇಲ್ಲಿ ಹೆತ್ತವರಿಗಿಂತ ದೊಡ್ಡದಾಗಿ ನಿಲ್ಲುತ್ತದೆ. ಪಾರಾದ ಗಂಡಾಂತರ, ಆದ ಜಗಳ, ಸಿಕ್ಕ ಸಲಿಗೆ ಒಂದೊಂದೂ ಒಂದೊಂದು ಇಸ್ಪೀಟೆಲೆಯಂತೆ ಕೈಸೇರುತ್ತದೆ. ಮುಂದೆ ಎದುರಾಗುವ ಕಷ್ಟವನ್ನು ಆ ಎಲೆಗಳನ್ನೇ ಜೋಡಿಸಿ ಗೆಲ್ಲಬೇಕು. ಎರಡನೆಯ ಸಲ ಆಡತೊಡಗಿದಾಗ ಪಾತ್ರಕ್ಕೇ ಹಿಂದಿನ ಬದುಕು ಮಸುಕಾಗಿ ನೆನಪಿರುತ್ತದೆ. ಹೋದ ಸಲ ಸತ್ತವರನ್ನು ಈ ಸಲ ಉಳಿಸಬಹುದು. ಒಬ್ಬರನ್ನು ಉಳಿಸಲು ಹೊರಟ ಜೀವನದಲ್ಲಿ ಇನ್ನೊಬ್ಬರ ಜತೆ ಕಳೆಯಬೇಕಿದ್ದ ಹೊತ್ತು ಕೈತಪ್ಪುತ್ತದೆ. ಎಷ್ಟು ಸಲ ಹುಟ್ಟಿ ಬಂದರೂ ಎಲ್ಲವನ್ನೂ ಒಂದೇ ಬಾಲ್ಯದಲ್ಲಿ ತುಂಬಲಾಗುವುದಿಲ್ಲ ಎಂಬುದು ಅಲ್ಲಿನ ಲೆಕ್ಕ.

ಪ್ರಿನ್ಸೆಸ್ ಮೇಕರ್ 2ಕ್ಕೂ ಎರಡನೆಯ ಹುಟ್ಟು ಸಿಕ್ಕಿತು. 1990ರ ದಶಕದಲ್ಲಿ ತಯಾರಾದ ಇಂಗ್ಲಿಷ್ ಆವೃತ್ತಿ ಅಂಗಡಿಗೆ ಬರಲೇ ಇಲ್ಲ. ಸೋರಿಹೋದ ಪ್ರತಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕೈಬದಲಾಗುತ್ತ ವರ್ಷಗಟ್ಟಲೆ ಬದುಕಿತು. 2016ರಲ್ಲಿ ತಿದ್ದಿದ ಆವೃತ್ತಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗೆ ಬಂತು, 2024ರಲ್ಲಿ ಚಿತ್ರಗಳನ್ನು ಹೊಸದಾಗಿಸಿದ ಇನ್ನೊಂದು. ಆ ಹೊತ್ತಿಗೆ ಯಾವ ತಿಂಗಳಲ್ಲಿ ಯಾವ ಪಾಠ, ಎಷ್ಟು ಅಂಕಕ್ಕೆ ಯಾವ ಅಂತ್ಯ ಎಂದು ಆಟಗಾರರು ಎಲ್ಲವನ್ನೂ ಕೋಷ್ಟಕ ಮಾಡಿ ಇಟ್ಟಿದ್ದರು. ಅದನ್ನು ಎದುರಿಗಿಟ್ಟುಕೊಂಡು 288 ಚೌಕ ತುಂಬಿದರೆ ಮಗಳು ರಾಣಿಯಾಗುತ್ತಾಳೆ. ಕೋಷ್ಟಕ ಬದಿಗಿಟ್ಟು ಆಡಿದರೆ, ಹದಿನೆಂಟರ ಹುಟ್ಟುಹಬ್ಬದಂದು ಕೊಡಲಿ ಹೆಗಲಿಗೇರಿಸಿ ಕಾಡಿನತ್ತ ಹೊರಟವಳನ್ನು ನೋಡುತ್ತ, ಕೊನೆಯ ಸೇವ್ ಯಾವ ತಿಂಗಳದ್ದು ಎಂದು ಹುಡುಕುವ ಬೆರಳು ಒಂದು ಗಳಿಗೆ ತಡೆದು ನಿಲ್ಲಲೂಬಹುದು.